ನ್ಯೂಟನ್ನನ ಮನೆಯ ಗೋಡೆ

ನ್ಯೂಟನ್ನನ ಸೇಬಿನ ಮರ ನಮ್ಮ ಶಾಲಾಮಕ್ಕಳಿಗೆಲ್ಲ ಪರಿಚಿತ. ಆ ಮರದ ಪಕ್ಕದ ಮನೆಯನ್ನು ಕುರಿತು ಯಾರೂ ಕೇಳುವುದಿಲ್ಲ. ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತದ ವೂಲ್ಸ್‌ಥಾರ್ಪ್ ಎಂಬ ಹಳ್ಳಿಯಲ್ಲಿ, ಹದಿನೇಳನೆಯ ಶತಮಾನದ ಆದಿಭಾಗದಲ್ಲಿ ಕಟ್ಟಿದ ಆ ಕಲ್ಲಿನ ಮನೆ ಇಂದಿಗೂ ನಿಂತಿದೆ. ಅದರ ಹೆಸರು ವೂಲ್ಸ್‌ಥಾರ್ಪ್ ಮ್ಯಾನರ್.

ಮ್ಯಾನರ್ ಎಂದೊಡನೆ ಅರಮನೆಯನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ಇಂಗ್ಲೆಂಡಿನ ಕಾನೂನಿನಲ್ಲಿ ಆ ಶಬ್ದಕ್ಕೆ ಭೂಮಿಯ ಮೇಲಿನ ಒಡೆತನದ ಹಕ್ಕುಗಳ ಒಂದು ಸಮೂಹವೆಂಬ ಅರ್ಥವುಂಟು. ನ್ಯೂಟನ್ನನ ಅಜ್ಜ ರಾಬರ್ಟ್ 1623ರಲ್ಲಿ ಆ ಹಕ್ಕುಗಳನ್ನು ಕೊಂಡನು. ಮನೆಯಾದರೋ ಕುರಿ ಸಾಕುವ, ಬೆಳೆ ಬೆಳೆಯುವ ಒಬ್ಬ ಅನುಕೂಲಸ್ಥ ರೈತನ ಮನೆ. ಮಗ ಹುಟ್ಟುವ ಮೊದಲೇ ತೀರಿಕೊಂಡ ನ್ಯೂಟನ್ನನ ತಂದೆಗೆ ತನ್ನ ಹೆಸರನ್ನು ಬರೆಯಲೂ ಬರುತ್ತಿರಲಿಲ್ಲ.

ಮನೆಯ ತಳವಿನ್ಯಾಸ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ್ದು, ಅಂತಸ್ತು ಎರಡು. ಕಲ್ಲು ಆ ಸೀಮೆಯದೇ ಆದ ಸುಣ್ಣಕಲ್ಲು. ಕಿಟಕಿಗಳನ್ನು ಕಲ್ಲಿನ ನಡುಗಂಬಗಳು ಕಿರಿದಾದ ಕಂಡಿಗಳಾಗಿ ವಿಭಾಗಿಸುತ್ತವೆ. ಆ ಕಾಲದಲ್ಲಿ ದೊಡ್ಡ ಗಾಜು ಬಹಳ ದುಬಾರಿ. ಚಿಕ್ಕ ಚಿಕ್ಕ ಚೂರುಗಳನ್ನು ಸೀಸದ ಪಟ್ಟಿಗಳಲ್ಲಿ ಜೋಡಿಸಿ ಕೂರಿಸುತ್ತಿದ್ದರು. ಇಂಥ ಹಳೆಯ ಗೋಡೆಗಳಲ್ಲಿ ಕಲ್ಲುಗಳನ್ನು ಬೆಸೆಯುವುದು ಸುಣ್ಣದ ಗಾರೆ. ಗೋಡೆ ಹೀರಿದ ತೇವ ಗಾರೆಯ ಮೂಲಕ ಹೊರಬಂದು ಆರುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಕಲ್ಲಿನ ಮೈ ಸಿಪ್ಪೆಸಿಪ್ಪೆಯಾಗಿ ಉದುರುತ್ತದೆ. ನಮ್ಮ ಹಳೆಯ ಗಾರೆಯ ಗೋಡೆಗಳಿಗೆ ಸಿಮೆಂಟು ಬಳಿಯಲು ಹೊರಟವರೂ ಇದನ್ನು ಗಮನಿಸಬಹುದು.

1665ರಲ್ಲಿ ಪ್ಲೇಗಿನಿಂದ ಕೇಂಬ್ರಿಜ್ ವಿಶ್ವವಿದ್ಯಾಲಯ ಮುಚ್ಚಿದಾಗ ತರುಣ ನ್ಯೂಟನ್ ಈ ಮನೆಗೆ ಮರಳಿದನು. ಬಿಸಿಲಿನ ಒಂದು ಕಿರಣವನ್ನು ಪಟ್ಟಕದ ಮೂಲಕ ಹಾಯಿಸಿ ಬಣ್ಣಗಳನ್ನು ಪರೀಕ್ಷಿಸಿದನು. ಅದಕ್ಕಿಂತ ಮೊದಲು, ಹುಡುಗನಾಗಿದ್ದಾಗ, ಗೋಡೆಗಳ ಮೇಲೆ ಗೀಚುವುದು ಅವನ ಅಭ್ಯಾಸವಾಗಿತ್ತು. ಅವನು ಕಲ್ಲಿನಲ್ಲಿ ಕೊರೆದನೆನ್ನಲಾದ ಎರಡು ನೆರಳುಗಡಿಯಾರಗಳನ್ನು ಅಭಿಮಾನಿಗಳು ಗೋಡೆಯಿಂದ ಕಿತ್ತರು. ಒಂದು 1844ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಹೋಯಿತು. ಇನ್ನೊಂದು ಪಕ್ಕದ ಕೋಲ್‌ಸ್ಟರ್‌ವರ್ತ್ ಊರಿನ ಚರ್ಚಿನೊಳಗಿದೆ. ನೆರಳುಗಡಿಯಾರ ಬಿಸಿಲು ತಾಗದ ಒಳಗೋಡೆಯಲ್ಲಿ!

ಇಂದು ಹಾಗೆ ಕೀಳಲಾಗದು. ವೂಲ್ಸ್‌ಥಾರ್ಪ್ ಮನೆ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಒಂದನೆಯ ದರ್ಜೆಯದು. 1990ರ ಕಾಯಿದೆಯ ಪ್ರಕಾರ, ಇಂಥ ಕಟ್ಟಡದ ಸ್ವರೂಪಕ್ಕೆ ಧಕ್ಕೆ ತರುವ ಬದಲಾವಣೆಯನ್ನು ಒಪ್ಪಿಗೆಯಿಲ್ಲದೆ ಮಾಡುವುದು ಅಪರಾಧ. ಎರಡು ವರ್ಷಗಳವರೆಗೆ ಸೆರೆವಾಸವುಂಟು. ಒಳಗೋಡೆಗೂ, ಕಟ್ಟಡಕ್ಕೆ ಭದ್ರವಾಗಿ ಸೇರಿದ ವಸ್ತುವಿಗೂ ಈ ರಕ್ಷಣೆ ಅನ್ವಯಿಸುತ್ತದೆ. ತಿಳಿಯದೆ ಮಾಡಿದೆನೆಂಬ ಸಮಜಾಯಿಷಿ ನಡೆಯದು, ಮಾಲೀಕನಿಗೂ ವಿನಾಯಿತಿಯಿಲ್ಲ. ಸ್ವಂತ ಸ್ವತ್ತಿನ ಮೇಲೆ ಇಷ್ಟೊಂದು ಅಂಕುಶ ಅತಿಯಾಯಿತೆಂಬ ವಾದದಲ್ಲಿ ಹುರುಳಿಲ್ಲವೆಂದು ವಕೀಲನಾದ ನಾನು ಹೇಳಲಾರೆ. ಆದರೂ ಈ ಮನೆಯ ಮಟ್ಟಿಗೆ ನನ್ನ ಮತ ಕಾಯಿದೆಯ ಪರ.

ಕಾರಣವಿಷ್ಟೆ. ಅಲ್ಲಿ ವಾಸವಾಗಿದ್ದ ಗೇಣಿದಾರರು ಕಳೆದ ಶತಮಾನದ ಪೂರ್ವಾರ್ಧದಲ್ಲಿ ಗೋಡೆಯ ಹಳೆಯ ಕಾಗದವನ್ನು ಸುಲಿದಾಗ ಕೆಲವು ಗೀಚುಚಿತ್ರಗಳು ಹೊರಬಂದಿದ್ದವು. ಇನ್ನು ಏನೂ ಉಳಿದಿರಲಾರದೆಂದು ಎಣಿಸಬಹುದಾಗಿತ್ತು. 2017ರಲ್ಲಿ ಬೇರೆಬೇರೆ ಕೋನಗಳಿಂದ ಬೆಳಕು ಬೀರಿ ಛಾಯಾಚಿತ್ರ ತೆಗೆದು ಪರೀಕ್ಷಿಸಿದಾಗ, ಒಲೆಯ ಪಕ್ಕದ ಗೋಡೆಯಲ್ಲಿ ಬರಿಗಣ್ಣಿಗೆ ಕಾಣದಿದ್ದ ಮತ್ತೊಂದು ಚಿತ್ರ ಮೂಡಿತು: ಒಂದು ಗಾಳಿಗಿರಣಿ. ನ್ಯೂಟನ್ನನ ಬಾಲ್ಯದಲ್ಲಿ ಆ ನೆರೆಯಲ್ಲಿ ಅಂಥದೊಂದು ಗಿರಣಿಯನ್ನು ಕಟ್ಟುತ್ತಿದ್ದರು.