ಮೊದಲು ದುಡಿಮೆ, ಆಮೇಲೆ ಎಂಬಿಎ: ಆಕ್ಷೇಪಗಳಿಗೆ ಉತ್ತರ

ದಾವಣಗೆರೆಯ ಪದವಿ ಕಾಲೇಜೊಂದರ ಬೀಳ್ಕೊಡುಗೆ ಸಮಾರಂಭದಲ್ಲಿ ನಾನೊಂದು ಮಾತು ಹೇಳಿದೆ: "ಬಿ.ಕಾಂ., ಬಿಬಿಎ ಮುಗಿದ ಕೂಡಲೇ ಎಂಬಿಎಗೆ ಅರ್ಜಿ ಹಾಕಬೇಡಿ. ಎರಡು ವರ್ಷ ಎಲ್ಲಾದರೂ ದುಡಿಯಿರಿ. ಆಮೇಲೂ ಓದಬೇಕೆನಿಸಿದರೆ, ಯಾಕೆ ಅನ್ನುವುದನ್ನು ಒಂದೇ ವಾಕ್ಯದಲ್ಲಿ ಬರೆಯಲು ಬಂದರೆ, ಬನ್ನಿ." ಹದಿನೆಂಟು ವರ್ಷದಿಂದ ಎಂಬಿಎ ತರಗತಿಗಳಿಗೆ ಪಾಠ ಹೇಳುತ್ತಿರುವವನ ಬಾಯಿಂದ ಈ ಮಾತು ಬಂದದ್ದು ಹಲವರಿಗೆ ಸರಿಕಾಣಲಿಲ್ಲ. ಪೋಷಕರೂ ಸಹೋದ್ಯೋಗಿಗಳೂ ಎತ್ತಿದ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತೇನೆ.

1. "ದುಡ್ಡಿನ ರುಚಿ ಹತ್ತಿದ ಮೇಲೆ ಮತ್ತೆ ಯಾರು ಪುಸ್ತಕ ಹಿಡಿಯುತ್ತಾರೆ?"

ಕೆಲವರು ಹಿಡಿಯುವುದಿಲ್ಲ, ನಿಜ. ಕೆಲಸ ಒಗ್ಗಿ, ಮುಂದಿನ ದಾರಿ ಕಂಡು, ಎಂಬಿಎ ಬೇಡವೆನಿಸಿದರೆ ಆ ಹುಡುಗ ಕಳೆದುಕೊಂಡದ್ದೇನೂ ಇಲ್ಲ. ಮರಳಿ ಬಂದವರ ಓದಿನ ಕಸುವೇ ಬೇರೆ. ಒಮ್ಮೆ ದುಡಿಯುವ ಬಂಡವಾಳದ ಪಾಠ ನಡೆದಿತ್ತು. ಅರವತ್ತು ಜನ ಸೂತ್ರ ಬರೆದುಕೊಳ್ಳುತ್ತಿದ್ದರು. ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಎರಡು ವರ್ಷ ಲೆಕ್ಕ ಬರೆದು ಬಂದಿದ್ದ ಒಬ್ಬ ಎದ್ದು ನಿಂತ. "ಸರ್, ಪುಸ್ತಕದಲ್ಲಿ ಬಾಕಿ ವಸೂಲಿಗೆ 45 ದಿನ ಅಂತಿದೆ. ನಮ್ಮಲ್ಲಿ ರೈತರಿಗೆ ಕೊಟ್ಟ ಮುಂಗಡ ಕೊಯ್ಲಿನಿಂದ ಕೊಯ್ಲಿಗೆ ತೀರೋದು. ಅಲ್ಲಿಯವರೆಗೆ ಮಂಡಿ ನಡೆಸೋಕೆ ದುಡ್ಡು ಎಲ್ಲಿಂದ ತರಬೇಕು?" ಅಂದು ಆ ಒಂದು ಪ್ರಶ್ನೆ ಇಡೀ ತರಗತಿಗೆ ಪಾಠವಾಯಿತು. ನಿರ್ವಹಣಾ ಶಾಸ್ತ್ರದ ಪಾಠ ಅನುಭವದ ಮೇಲೆ ನಿಲ್ಲುವಂಥದ್ದು. 1908ರಲ್ಲಿ ಬಿಸಿನೆಸ್ ಸ್ಕೂಲ್ ಆರಂಭಿಸಿದ ಹಾರ್ವರ್ಡ್‌ನಲ್ಲಿ ಇಂದು ಎಂಬಿಎಗೆ ಸೇರುವ ಬಹುತೇಕರು ಕೆಲವು ವರ್ಷ ದುಡಿದು ಬಂದವರೇ. ಪದವಿಯ ಬೆನ್ನಿಗೇ ಎಂಬಿಎ ಅನ್ನುವ ಅವಸರ ನಮ್ಮಲ್ಲೇ ಹೆಚ್ಚು.

2. "ಕೆ.ವಿ. ಕಾಮತ್ ನೇರವಾಗಿ ಹೋಗಲಿಲ್ಲವೇ?"

ಹೋದರು. ಮಂಗಳೂರಿನ ಕಾಮತ್ ಸುರತ್ಕಲ್‌ನ ಕೆಆರ್‌ಇಸಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಐಐಎಂ ಅಹಮದಾಬಾದ್ ಸೇರಿದರು, 1971ರಲ್ಲಿ ಐಸಿಐಸಿಐಗೆ ಬಂದರು, ಮುಂದೆ ಅದರ ಮುಖ್ಯಸ್ಥರಾದರು. ಆದರೆ ಆಗ ದೇಶದಲ್ಲಿದ್ದದ್ದು 1961ರಲ್ಲಿ ಹುಟ್ಟಿದ ಎರಡೇ ಐಐಎಂ, ಅಹಮದಾಬಾದ್ ಮತ್ತು ಕಲ್ಕತ್ತ. ಬೆಂಗಳೂರಿನದು 1973ರಲ್ಲಿ ಬಂತು. ಈಗ ಐಐಎಂಗಳೇ 20 ದಾಟಿವೆ. ಎಂಬಿಎ ಕಾಲೇಜಿಲ್ಲದ ಜಿಲ್ಲೆಯನ್ನು ಹುಡುಕಬೇಕು. ಅದೇ 1973ರಲ್ಲಿ ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ ಒಂದು ವಿಷಯ ತೋರಿಸಿಕೊಟ್ಟರು: ಪದವಿಯು ಕೆಲಸ ಕೊಡುವವರಿಗೆ ಅಭ್ಯರ್ಥಿಯ ಸಾಮರ್ಥ್ಯದ ಗುರುತಾಗಿಯೂ ಕೆಲಸ ಮಾಡುತ್ತದೆ. ಎಲ್ಲರ ಕೈಗೂ ಬಂದ ಗುರುತಿನಿಂದ ಯಾರನ್ನೂ ಬೇರೆಯಾಗಿ ಗುರುತಿಸಲಾಗದು. ಕ್ಯಾಟ್ ಬರೆದು ಮೊದಲ ಸಾಲಿನ ಸಂಸ್ಥೆಯಲ್ಲಿ ಸೀಟು ಗಿಟ್ಟಿಸಿದವರು ಖಂಡಿತ ಹೋಗಲಿ. ನನ್ನ ಮಾತು ಉಳಿದ ಸಾವಿರಾರು ಮಕ್ಕಳಿಗೆ.

3. "ಬ್ಯಾಂಕ್ ಸಾಲ ಕೊಡುತ್ತದೆ, ಸಂಬಳ ಬಂದ ಮೇಲೆ ತೀರಿಸುತ್ತಾನೆ."

ಇದನ್ನು ಹೇಳಿದ ತಂದೆಯ ಜೊತೆ ಕೂತು ಲೆಕ್ಕ ಹಾಕಿದೆ. ಶುಲ್ಕ, ಹಾಸ್ಟೆಲ್ ಎಲ್ಲ ಸೇರಿ 10 ಲಕ್ಷ ಸಾಲ, ಶೇ. 10 ಬಡ್ಡಿ, 7 ವರ್ಷದ ಕಂತು ಅಂದುಕೊಳ್ಳಿ. ತಿಂಗಳ ಕಂತು ಸುಮಾರು 16,600 ರೂಪಾಯಿ, ಒಟ್ಟು ಕಟ್ಟುವುದು ಹೆಚ್ಚುಕಡಿಮೆ 14 ಲಕ್ಷ. ಓದುವ ಅವಧಿಯಲ್ಲಿ ಕಂತು ಇರುವುದಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಜೊತೆಗೆ, ಆ ಎರಡು ವರ್ಷ ತಿಂಗಳಿಗೆ 20,000 ದುಡಿದಿದ್ದರೂ ಕೈಗೆ ಬರುತ್ತಿದ್ದದ್ದು 4 ಲಕ್ಷ 80 ಸಾವಿರ. ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆಯಲ್ಲ ಅಂದರು. ಅದು ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಮೊದಲು ತೆರಿಗೆ ಕಟ್ಟುವಷ್ಟು ಸಂಬಳವಾದರೂ ಬರಬೇಕಲ್ಲ. ಎಂಬಿಎ ಮುಗಿಸಿ 25,000 ರೂಪಾಯಿಗೆ ಸೇರಿದ ನನ್ನ ವಿದ್ಯಾರ್ಥಿಗಳಿದ್ದಾರೆ. ಕಂತು ಕಟ್ಟಿದ ಮೇಲೆ ಬೆಂಗಳೂರಿನ ಪಿಜಿ ಬಾಡಿಗೆಗೆ ಅಪ್ಪನ ಕಡೆಯೇ ನೋಡಬೇಕು. ಕಾಲೇಜು ಆರಿಸುವ ಮುನ್ನ ಅಲ್ಲಿ ಯಾರೋ ಒಬ್ಬನಿಗೆ ಸಿಕ್ಕ ಅತಿ ಹೆಚ್ಚಿನ ಸಂಬಳವನ್ನು ಕೇಳಬೇಡಿ. ನಡುಮಧ್ಯದ ವಿದ್ಯಾರ್ಥಿಗೆ ಎಷ್ಟು ಸಿಕ್ಕಿತು, ಕೆಲಸವೇ ಸಿಗದವರು ಎಷ್ಟು ಮಂದಿ ಎಂದು ಕೇಳಿ.

4. "ಎಂಬಿಎ ಇಲ್ಲದೆ ಬಡ್ತಿ ಸಿಗುವುದಿಲ್ಲ."

ಕೆಲವು ಕಂಪನಿಗಳಲ್ಲಿ ಸಿಗುವುದಿಲ್ಲ. ಯಾವ ಕಂಪನಿ, ಯಾವ ಹುದ್ದೆ ಎಂಬುದು ಒಳಗಿದ್ದವನಿಗೆ ಗೊತ್ತಾಗುತ್ತದೆ. ಗೋಡೆ ಎಲ್ಲಿದೆ ಎಂದು ಕಂಡವನಿಗೆ ಮಾರ್ಕೆಟಿಂಗ್ ಓದಬೇಕೋ ಫೈನಾನ್ಸ್ ಓದಬೇಕೋ ತಿಳಿಯುತ್ತದೆ. ಈಗ ನಮ್ಮ ಮಕ್ಕಳು ಗೆಳೆಯ ಏನು ತೆಗೆದುಕೊಂಡ ಎಂದು ನೋಡಿ ವಿಷಯ ಆರಿಸುತ್ತಿದ್ದಾರೆ.

5. "ಹಾಗಾದರೆ ಎಂಬಿಎಯೇ ದಂಡ. ಸಂಕೇಶ್ವರರು ಎಂಬಿಎ ಓದಿದ್ದರೇ?"

ನನ್ನ ಮಾತನ್ನು ಮೆಚ್ಚಿದವರೇ ಹೀಗೆ ಹೇಳಿದರು. ಅವರೊಂದಿಗೂ ನನಗೆ ಒಪ್ಪಿಗೆಯಿಲ್ಲ. ವಿಜಯ ಸಂಕೇಶ್ವರರು 1976ರಲ್ಲಿ ಒಂದು ಲಾರಿಯಿಂದ ಸಾಗಣೆ ಆರಂಭಿಸಿದರು, ನಿಜ. ಆದರೆ ಅವರದು ಗದಗಿನಲ್ಲಿ ಮುದ್ರಣದ ವ್ಯವಹಾರ ನಡೆಸುತ್ತಿದ್ದ ಮನೆ. ಸಾಲ, ಗಿರಾಕಿ, ಕೆಲಸಗಾರ, ನಷ್ಟ, ಇವು ಅವರಿಗೆ ಮನೆಯೊಳಗಿನ ಮಾತು. ಮೇಷ್ಟರ ಮನೆಯಲ್ಲೋ ಕೂಲಿಯವರ ಮನೆಯಲ್ಲೋ ಹುಟ್ಟಿದ ಮಗುವಿಗೆ ಆ ಲೋಕ ತೆರೆಯುವುದು ತರಗತಿಯಲ್ಲೇ. ನಾನೂ ಅಂಥ ಮನೆಯಿಂದಲೇ ಬಂದವನು. ಬ್ಯಾಲೆನ್ಸ್ ಶೀಟ್ ಓದಲು ಕಲಿತ ದಿನ, ಅದುವರೆಗೆ ದೊಡ್ಡವರ ಗುಟ್ಟಿನಂತಿದ್ದ ಒಂದು ಭಾಷೆ ನನ್ನದಾಯಿತು. ಈ ಓದು ದಂಡವೆಂದು ನನ್ನಿಂದ ಹೇಳಲಾಗದು. ಬೆಲೆಯುಳ್ಳ ಓದಾದ್ದರಿಂದಲೇ ಅದನ್ನು ಹೊತ್ತಲ್ಲದ ಹೊತ್ತಿನಲ್ಲಿ ಮುಗಿಸಿಬಿಡಬೇಡಿ ಎನ್ನುತ್ತಿದ್ದೇನೆ.

6. "ಹುಡುಗಿಯರ ವಿಷಯದಲ್ಲಿ ನಿಮ್ಮ ಮಾತು ನಡೆಯುವುದಿಲ್ಲ."

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ ಆಕ್ಷೇಪ ಇದು. ಸಮಾರಂಭ ಮುಗಿದ ಮೇಲೆ ಅಂತಿಮ ಬಿ.ಕಾಂ.ನ ಹುಡುಗಿಯೊಬ್ಬಳು ಬಂದು ಹೇಳಿದಳು: "ಸರ್, ನೀವು ಸುಲಭವಾಗಿ ಹೇಳಿಬಿಟ್ರಿ. ಕೆಲಸಕ್ಕೆ ಹೋಗ್ತೀನಿ ಅಂದ್ರೆ ಮನೇಲಿ ಗಂಡು ನೋಡ್ತಾರೆ. ಎಂಬಿಎ ಅಂದ್ರೆ ಎರಡು ವರ್ಷ ಸುಮ್ಮನಿರ್ತಾರೆ. ನಂಗೆ ಆ ಎರಡು ವರ್ಷ ಬೇಕು."

ಅವಳ ಮುಂದೆ ನನ್ನ ಸಲಹೆಯನ್ನು ತಿದ್ದಿಕೊಂಡೆ. ಪಿಜಿಸಿಇಟಿ ಬರೆದು, ಮನೆಗೆ ಹತ್ತಿರದಲ್ಲಿ ಸರ್ಕಾರಿ ಶುಲ್ಕದ ಸೀಟು ಹಿಡಿ, ಸಾಲದ ಹೊರೆ ಹೊರಬೇಡ, ಇಂಟರ್ನ್‌ಶಿಪ್ಪನ್ನು ಸರ್ಟಿಫಿಕೇಟಿಗಾಗಿ ಮಾಡದೆ ನಿಜವಾದ ದುಡಿಮೆಯಂತೆ ಮಾಡು ಎಂದೆ. ಅವಳಂಥ ಮಕ್ಕಳ ತಂದೆತಾಯಂದಿರಲ್ಲಿ ಕೈಮುಗಿದು ಕೇಳುತ್ತೇನೆ: ಓದಿಗೆಂದು ಎರಡು ವರ್ಷ ಕೊಡಬಲ್ಲಿರಾದರೆ ದುಡಿಮೆಗೂ ಎರಡು ವರ್ಷ ಕೊಡಿ. ತನ್ನ ಸಂಬಳವನ್ನು ತಾನೇ ಎಣಿಸಿದ ಮಗಳು ಮುಂದೆ ಏನು ಓದಬೇಕೆಂಬುದನ್ನೂ ತಾನೇ ಎಣಿಸಬಲ್ಲಳು.

ಎಂಬಿಎ ಯಾಕೆ ಬೇಕೆಂದು ಒಂದೇ ವಾಕ್ಯದಲ್ಲಿ ಹೇಳಿ ಎಂದು ಆ ದಿನ ವೇದಿಕೆಯಿಂದ ಕೇಳಿದ್ದೆ. ಸಭಾಂಗಣದಲ್ಲಿದ್ದ ಇನ್ನೂರು ಮಕ್ಕಳಲ್ಲಿ ಉತ್ತರ ಹೇಳಿದವಳು ಅವಳೊಬ್ಬಳೇ.