ಬಿಕಾಂಗೆ ಯಾವ ವಿವಿ? ಮೊದಲು ಮನೆಯ ಲೆಕ್ಕ ಬರೆಯೋಣ

ಪಿಯುಸಿ ಫಲಿತಾಂಶದ ಮಟ್ಟಿಗೆ ಕರಾವಳಿಯ ಮಕ್ಕಳ ಬಗ್ಗೆ ಯಾರೂ ಬೆರಳು ತೋರಿಸುವ ಹಾಗಿಲ್ಲ. 2024ರಲ್ಲಿ ರಾಜ್ಯಕ್ಕೆ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು, ನಮ್ಮ ಜಿಲ್ಲೆ ಎರಡನೆಯದು. ಮಾರ್ಕ್ ತರುವ ಕೆಲಸವನ್ನು ಮಕ್ಕಳು ಮಾಡಿದ್ದಾರೆ. ಅದರ ನಂತರದ ಕೆಲಸ ಹಿರಿಯರದ್ದು. ಗೊಂದಲ ಶುರುವಾಗುವುದೂ ಅಲ್ಲಿಂದಲೇ.

ಕಾಮರ್ಸ್ ಓದಿದ ಮಕ್ಕಳಿರುವ ಮನೆಗಳಲ್ಲಿ ಈಗ ಒಂದೇ ಚರ್ಚೆ. ಒಂದು ಕಡೆ ಮಂಗಳೂರು ವಿಶ್ವವಿದ್ಯಾನಿಲಯದ ಅಡಿಯಲ್ಲಿರುವ ಹತ್ತಿರದ ಕಾಲೇಜು. ಇನ್ನೊಂದು ಕಡೆ ಸ್ವಂತ ಬಸ್ಸು, ಎಸಿ ಕ್ಲಾಸು, ರಸ್ತೆ ಬದಿಯಲ್ಲಿ ಆಳೆತ್ತರದ ಬೋರ್ಡು ಇರುವ ಡೀಮ್ಡ್ ಅಥವಾ ಖಾಸಗಿ ವಿಶ್ವವಿದ್ಯಾನಿಲಯ. ಜುಬೈಲಿನಿಂದ ಉಪ್ಪ ಫೋನಿನಲ್ಲಿ ಒಂದು ಹೇಳುತ್ತಾರೆ, ಮನೆಯಲ್ಲಿ ಉಮ್ಮ ಇನ್ನೊಂದು ಹೇಳುತ್ತಾರೆ, ನೆರೆಮನೆಯವರು ಮೂರನೆಯದನ್ನು ಹೇಳುತ್ತಾರೆ. ಕೊನೆಗೆ ಮದ್ರಸದ ಬಾಗಿಲಲ್ಲಿ ನಮ್ಮನ್ನು ಕೇಳುತ್ತಾರೆ: "ಉಸ್ತಾದರೇ, ಎರಡರಲ್ಲಿ ಯಾವುದು ಒಳ್ಳೆಯದು?"

ವ್ಯಾಪಾರದ ಓದು ನಮಗೆ ಹೊಸತೇನಲ್ಲ. ಬ್ಯಾರಿ ಎಂಬ ಹೆಸರೇ ತುಳುವಿನ 'ಬ್ಯಾರ', ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂತು ಎನ್ನುವವರು ಬಹಳ ಮಂದಿ ಇದ್ದಾರೆ. ಮಂಗಳೂರಿನ ಬಂದರಿನಲ್ಲಿ, ಮೀನಿನ ಧಕ್ಕೆಯಲ್ಲಿ, ಅಡಿಕೆ ಮಂಡಿಯಲ್ಲಿ, ಮರದ ಡಿಪೋದಲ್ಲಿ ನಮ್ಮ ಅಜ್ಜಂದಿರು ಕಾಲೇಜು ಮೆಟ್ಟಿಲು ಹತ್ತದೆಯೇ ಲೆಕ್ಕ ಕಲಿತರು. ಆದರೆ ಇಂದಿನ ವ್ಯಾಪಾರ ಜಿಎಸ್‌ಟಿ, ಆಡಿಟ್, ಬ್ಯಾಂಕಿನ ಕಾಗದಗಳ ಮೇಲೆ ನಡೆಯುತ್ತದೆ. ಆದ್ದರಿಂದ ಬಿಕಾಂ, ಬಿಬಿಎ ಬೇಕೋ ಬೇಡವೋ ಎಂಬ ಪ್ರಶ್ನೆ ಈಗ ಉಳಿದಿಲ್ಲ. ಎಲ್ಲಿ ಓದಬೇಕು, ಅದಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದೇ ಪ್ರಶ್ನೆ.

ಮೊದಲು ಈ ಎರಡೂ ಏನು ಎಂದು ತಿಳಿಯೋಣ. ಕೊಣಾಜೆಯ ಮಂಗಳೂರು ವಿವಿ 1980ರಲ್ಲಿ ಆರಂಭವಾಯಿತು. ಅದರ ಅಡಿಯ ಕಾಲೇಜುಗಳಲ್ಲಿ ಪಾಠ ಮಾಡುವುದು ಕಾಲೇಜು, ಪರೀಕ್ಷೆ ನಡೆಸಿ ಪದವಿ ಕೊಡುವುದು ವಿವಿ. ಡೀಮ್ಡ್ ವಿವಿಗಳಿಗೆ 1956ರ ಯುಜಿಸಿ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರ ಮಾನ್ಯತೆ ಕೊಡುತ್ತದೆ. ಅವು ಪಠ್ಯವನ್ನೂ ತಾವೇ ಮಾಡುತ್ತವೆ, ಪರೀಕ್ಷೆಯನ್ನೂ ತಾವೇ ನಡೆಸುತ್ತವೆ, ಪದವಿಯನ್ನೂ ತಾವೇ ಕೊಡುತ್ತವೆ. ನಮ್ಮಲ್ಲಿ ಯೆನೆಪೋಯ ಮತ್ತು ನಿಟ್ಟೆ ಸಂಸ್ಥೆಗಳು 2008ರಲ್ಲಿ ಡೀಮ್ಡ್ ಆದವು. ರಾಜ್ಯದ ಕಾನೂನಿನಿಂದ ಸ್ಥಾಪನೆಯಾದ ಖಾಸಗಿ ವಿವಿಗಳೂ ಉಂಟು.

ಇಲ್ಲಿ ಒಂದು ಉದಾಹರಣೆ ನೋಡಿ. 1880ರಲ್ಲಿ ಶುರುವಾದ ಸಂತ ಅಲೋಶಿಯಸ್ ಕಾಲೇಜು ಬಹಳ ವರ್ಷ ಮಂಗಳೂರು ವಿವಿಯ ಅಡಿಯಲ್ಲಿ ಸ್ವಾಯತ್ತ ಕಾಲೇಜಾಗಿತ್ತು. 2024ರಲ್ಲಿ ಅದು ಡೀಮ್ಡ್ ವಿವಿ ಆಯಿತು. ಅದೇ ಗುಡ್ಡ, ಅದೇ ಕಟ್ಟಡ. ಬದಲಾದದ್ದು ಸರ್ಟಿಫಿಕೇಟಿನ ಮೇಲಿನ ಹೆಸರು ಮತ್ತು ನಿರ್ಧಾರ ಮಾಡುವ ಅಧಿಕಾರ. ಹಾಗಾಗಿ 'ಡೀಮ್ಡ್' ಎಂಬ ಪದ ಕೇಳಿದ ಕೂಡಲೇ ಪಾಠ ಚೆನ್ನಾಗಿರುತ್ತದೆ ಎಂದೂ, 'ಸರ್ಕಾರಿ ವಿವಿ' ಎಂದ ಕೂಡಲೇ ಪಾಠ ಸಪ್ಪೆ ಎಂದೂ ತೀರ್ಮಾನಿಸುವುದು ಸರಿಯಲ್ಲ. ಒಳಗೆ ಹೋಗಿ ನೋಡಬೇಕು.

ಯುಜಿಸಿ ಮಾನ್ಯತೆ ಇದ್ದರೆ ಕಾನೂನಿನ ಮುಂದೆ ಎರಡು ಪದವಿಗಳಿಗೂ ಒಂದೇ ಬೆಲೆ. ಬ್ಯಾಂಕ್ ಪರೀಕ್ಷೆಗೆ ಕೂರಲು ಮಾನ್ಯತೆಯುಳ್ಳ ಯಾವುದೇ ವಿವಿಯ ಪದವಿ ಸಾಕು. ಎಂಬಿಎಗೆ ಕ್ಯಾಟ್ ಬರೆಯಲು ಸಾಮಾನ್ಯವಾಗಿ ಪದವಿಯಲ್ಲಿ ಶೇ. 50 ಬೇಕು, ವಿವಿಯ ಹೆಸರು ಕೇಳುವುದಿಲ್ಲ. ಸಿಎ ಆಗಬೇಕೆಂದರೆ ಪಿಯುಸಿ ಆದ ಮೇಲೆಯೇ ಫೌಂಡೇಶನ್ ಬರೆಯಬಹುದು. ಇಲ್ಲವೇ ಕಾಮರ್ಸ್ ಪದವಿಯಲ್ಲಿ ಶೇ. 55 ಪಡೆದು ನೇರ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಆ ಪರೀಕ್ಷೆಯ ಹಾಲಿನಲ್ಲಿ ಎಸಿ ಕ್ಲಾಸಿನಲ್ಲಿ ಕಲಿತವನಿಗೂ ಫ್ಯಾನಿನ ಅಡಿಯಲ್ಲಿ ಕಲಿತವನಿಗೂ ಒಂದೇ ಪ್ರಶ್ನೆಪತ್ರಿಕೆ.

ಹಾಗಾದರೆ ವ್ಯತ್ಯಾಸವೇ ಇಲ್ಲವಾ? ಉಂಟು. ಡೀಮ್ಡ್ ಮತ್ತು ಖಾಸಗಿ ವಿವಿಗಳು ಪಠ್ಯವನ್ನು ಬೇಗ ಬದಲಿಸಬಲ್ಲವು. ಮಕ್ಕಳ ಸಂಖ್ಯೆ ಕಡಿಮೆಯಾದ್ದರಿಂದ ಫಲಿತಾಂಶವೂ ಬೇಗ ಬರುತ್ತದೆ. ಹಲವು ಕಾಲೇಜುಗಳ ಪರೀಕ್ಷೆ ಒಟ್ಟಿಗೆ ನಡೆಸುವ ವಿವಿಯಲ್ಲಿ ಮಾರ್ಕ್ ಕಾರ್ಡಿಗಾಗಿ ಕಾಯಬೇಕಾಗಬಹುದು. ಗಲ್ಫಿಗೆ ವೀಸಾ ಸಿದ್ಧವಾಗಿ ಕೂತವನಿಗೆ ಈ ತಡ ಸಣ್ಣ ತೊಂದರೆಯಲ್ಲ. ಇನ್ನೊಂದು ಮಗ್ಗುಲಿನಿಂದ ನೋಡಿದರೆ, ಪಾಠ ಮಾಡಿದವರೇ ಪ್ರಶ್ನೆ ತೆಗೆದು ಅವರೇ ಮಾರ್ಕ್ ಕೊಡುವಲ್ಲಿ ಶೇ. 90 ಬಂದರೂ ಕಲಿತದ್ದೆಷ್ಟು ಎಂದು ತಿಳಿಯುವುದು ಕಷ್ಟ. ಹೊರಗಿನವರು ಪತ್ರಿಕೆ ತಿದ್ದುವಲ್ಲಿ ಸಿಕ್ಕಿದ ಶೇ. 70ಕ್ಕೆ ಅದರದ್ದೇ ತೂಕ ಉಂಟು.

ಈಗ ಜಾಹೀರಾತಿನ ವಿಷಯಕ್ಕೆ ಬರೋಣ. 'ಎಸಿಸಿಎ ಇಂಟಿಗ್ರೇಟೆಡ್ ಬಿಕಾಂ' ಎಂಬುದು ಈಚೆಗೆ ಎಲ್ಲ ಕಡೆ ಕಾಣುತ್ತದೆ. ಎಸಿಸಿಎ ಬ್ರಿಟನ್ನಿನ ಲೆಕ್ಕಪರಿಶೋಧಕರ ಸಂಸ್ಥೆಯ ಅರ್ಹತೆ, ಗಲ್ಫಿನಲ್ಲಿ ಅದಕ್ಕೆ ಬೆಲೆ ಉಂಟು ಎಂಬುದು ನಿಜ. ಅದರಲ್ಲಿ ಒಟ್ಟು 13 ಪತ್ರಿಕೆಗಳು. ಪದವಿಯನ್ನು ನೋಡಿ ಗರಿಷ್ಠ 9ರವರೆಗೆ ವಿನಾಯಿತಿ ಸಿಗಬಹುದು, ಉಳಿದದ್ದನ್ನು ಬರೆದು ಪಾಸಾಗಲೇಬೇಕು. ಪರೀಕ್ಷೆಯ ಫೀಸು ಪೌಂಡಿನ ಲೆಕ್ಕದಲ್ಲಿ. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಇವು: ಈ ಕೋರ್ಸಿಗೆ ಎಷ್ಟು ಪತ್ರಿಕೆಯ ವಿನಾಯಿತಿ ಉಂಟು? ಪೌಂಡಿನ ಫೀಸು ನೀವು ಹೇಳಿದ ಮೊತ್ತದಲ್ಲಿ ಸೇರಿದೆಯಾ? ಕಳೆದ ಬ್ಯಾಚಿನಲ್ಲಿ ಎಷ್ಟು ಮಂದಿ ಪೂರ್ತಿ ಮುಗಿಸಿದರು?

'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಎಂದರೆ ಅಲ್ಲಿಯೂ ಸ್ವಲ್ಪ ನಿಂತು ಕೇಳಿ. ಆ ಲೆಕ್ಕ ಬಿಕಾಂ ಮಕ್ಕಳದ್ದೋ, ಇಂಜಿನಿಯರಿಂಗ್ ಸೇರಿಸಿಯೋ? ಓದಿದವರೆಷ್ಟು, ಕೆಲಸ ಸಿಕ್ಕಿದವರೆಷ್ಟು? ಬೋರ್ಡಿನ ಮೇಲೆ ಫೋಟೋ ಇರುವ ಒಬ್ಬನ ಸಂಬಳ ಬೇಡ, ಕ್ಲಾಸಿನ ನಡುವಿನ ಹುಡುಗನ ಸಂಬಳ ಎಷ್ಟು? ಬಿಬಿಎ ಆದರೆ ಇನ್ನೊಂದು ಪ್ರಶ್ನೆ ಸೇರಿಸಿ. 2024-25ರಿಂದ ಬಿಬಿಎ ನಡೆಸುವ ಕಾಲೇಜುಗಳಿಗೆ ಎಐಸಿಟಿಇ ಅನುಮತಿಯ ನಿಯಮ ಬಂದಿದೆ, ಆ ಅನುಮತಿ ಉಂಟಾ ಎಂದು ವಿಚಾರಿಸಿ. ಕೇಳಿದ್ದಕ್ಕೆ ಸಿಟ್ಟಾಗುವ ಸಂಸ್ಥೆಯ ಬಗ್ಗೆ ನಾವು ಹೆಚ್ಚು ಹೇಳಬೇಕಾಗಿಲ್ಲ.

ನಮ್ಮ ಮುಖ್ಯ ಮಾತು ಹಣದ ಕುರಿತು. ಫೀಸು ಎಂದರೆ ಮೊದಲ ವರ್ಷದ ಫೀಸು ಮಾತ್ರ ಅಲ್ಲ. ಮೂರು ವರ್ಷದ ಫೀಸು, ಪರೀಕ್ಷಾ ಶುಲ್ಕ, ಬಸ್ಸು, ಹಾಸ್ಟೆಲ್, ಲ್ಯಾಪ್‌ಟಾಪ್, ಬ್ಲೇಝರ್, ಟೂರ್ ಎಲ್ಲವನ್ನೂ ಒಂದೇ ಕಾಗದದಲ್ಲಿ ಬರೆಯಬೇಕು. ಬಸ್ಸಿನದ್ದೇ ಒಂದು ಲೆಕ್ಕ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ. ಪುತ್ತೂರಿನ ಕಡೆಯಿಂದ ಕೆಎಸ್ಸಾರ್ಟಿಸಿಯಲ್ಲಿ ಬರುವ ಹುಡುಗಿಗೆ ಸಿಗುವ ಲಾಭ ಸುರತ್ಕಲ್‌ನಿಂದ ಸಿಟಿ ಬಸ್ ಹಿಡಿಯುವ ಹುಡುಗಿಗೆ ಸಿಗುವುದಿಲ್ಲ.

ಲೆಕ್ಕಕ್ಕೆ ಹೇಳುವುದಾದರೆ, ಎರಡು ಕಡೆಯ ಖರ್ಚಿನ ನಡುವೆ ವರ್ಷಕ್ಕೆ 60 ಸಾವಿರ ವ್ಯತ್ಯಾಸ ಬಂತು ಎಂದಿಟ್ಟುಕೊಳ್ಳಿ. ಮೂರು ವರ್ಷಕ್ಕೆ 1 ಲಕ್ಷ 80 ಸಾವಿರ. ಕೈಯಲ್ಲಿದ್ದರೆ ಕೊಡಿ, ಯಾರೂ ಬೇಡ ಎನ್ನುವುದಿಲ್ಲ. ಇಲ್ಲದಿದ್ದರೆ ಅದು ಎಲ್ಲಿಂದ ಬರುತ್ತದೆ? ಬಡ್ಡಿಯ ಸಾಲದಿಂದ, ಉಮ್ಮನ ಬಂಗಾರದಿಂದ, ಇಲ್ಲವೇ ತಂಗಿಯ ಓದಿಗೆ ಇಟ್ಟದ್ದರಿಂದ. ಬಡ್ಡಿಯ ವಿಷಯದಲ್ಲಿ ದೀನ್ ಏನು ಹೇಳುತ್ತದೆಂದು ನಿಮಗೆ ಗೊತ್ತು. ಕುರ್‌ಆನಿನ ಅತಿ ಉದ್ದದ ಆಯತ್ ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬ ಕುರಿತದ್ದು. ಹಣದ ವಿಷಯವನ್ನು ಬಾಯಿಮಾತಿನಲ್ಲಿ ಬಿಡಬಾರದು ಎಂದು ಕಲಿಸಿದ ದೀನ್ ನಮ್ಮದು. ಹೀಗಿರುವಾಗ ಲೆಕ್ಕಶಾಸ್ತ್ರ ಕಲಿಯಲಿಕ್ಕೆ ಹೋಗುವ ಮಗನ ಅಡ್ಮಿಶನ್ ಮಾತ್ರ ಲೆಕ್ಕವಿಲ್ಲದೆ ಆಗುವುದು ಸರಿಯಾ?

ವೈದ್ಯಕೀಯ ಓದಿನ ಮಾತು ಬೇರೆ. ಅಲ್ಲಿ ಆಸ್ಪತ್ರೆ, ಲ್ಯಾಬು ಇಲ್ಲದೆ ಕಲಿಯಲು ಆಗುವುದಿಲ್ಲ. ಬಿಕಾಂ ಹಾಗಲ್ಲ. ಅದರ ಬೆಲೆಯನ್ನು ಕಟ್ಟುವುದು ಕಲಿಸುವ ನಾಲ್ಕೈದು ಒಳ್ಳೆಯ ಮೇಷ್ಟ್ರು ಮತ್ತು ಪಾಠದ ಹೊರಗೆ ಮಗು ಮಾಡಿದ ಕೆಲಸ. ಆದ್ದರಿಂದ ನಮ್ಮ ಅಭಿಪ್ರಾಯ ಸ್ಪಷ್ಟ: ವ್ಯತ್ಯಾಸದ ಹಣವನ್ನು ಸಾಲ ಮಾಡಿ ತುಂಬಬೇಕಾದರೆ ಮಾನ್ಯತೆಯುಳ್ಳ ಹತ್ತಿರದ ಕಾಲೇಜನ್ನೇ ಆರಿಸಿ. ಉಳಿಯುವುದರಲ್ಲಿ ಒಂದು ಪಾಲನ್ನು ಸಿಎ ಫೌಂಡೇಶನ್ ಕೋಚಿಂಗಿಗೆ, ಟ್ಯಾಲಿ ಮತ್ತು ಎಕ್ಸೆಲ್ ಕಲಿಯಲಿಕ್ಕೆ, ಇಂಗ್ಲಿಷ್ ಮಾತಾಡಲು ರೂಢಿ ಮಾಡಿಸಲಿಕ್ಕೆ ಖರ್ಚು ಮಾಡಿ. ರಜೆಯಲ್ಲಿ ಗುರುತಿನ ಆಡಿಟರ ಆಫೀಸಿಗೋ ಸಂಬಂಧಿಕರ ಅಂಗಡಿಗೋ ಕಳಿಸಿ.

ದುಬಾರಿ ವಿವಿ ಸರಿಯಾಗುವ ಸಂದರ್ಭಗಳೂ ಉಂಟು. ಮಾರ್ಕ್ ನೋಡಿ ಫೀಸಿನಲ್ಲಿ ದೊಡ್ಡ ರಿಯಾಯಿತಿ ಸಿಕ್ಕರೆ, ಮಗುವಿಗೆ ಬೇಕಾದ ವಿಷಯ ಅಲ್ಲಿ ಮಾತ್ರ ಇದ್ದರೆ, ಹತ್ತಿರದ ಕಾಲೇಜಿನಲ್ಲಿ ಕಾಮರ್ಸಿಗೆ ಕಾಯಂ ಉಪನ್ಯಾಸಕರೇ ಇಲ್ಲದಿದ್ದರೆ, ಅಥವಾ ಹುಡುಗಿಗೆ ಹೋಗಿಬರಲು ಅದೇ ಸುರಕ್ಷಿತ ದಾರಿಯಾದರೆ, ಧೈರ್ಯವಾಗಿ ಸೇರಿಸಿ. 'ಇಂಥವರ ಮಗ ಅಲ್ಲಿಗೆ ಹೋಗ್ತಾನೆ, ನಮ್ಮವನು ಇಲ್ಲಿಗೆ ಹೋದ್ರೆ ಮರ್ಯಾದೆ ಹೋಗ್ತದೆ' ಎಂಬುದು ಮಾತ್ರ ಕಾರಣವಾಗಬಾರದು.

ಇನ್ನೊಂದು ಮಾತನ್ನು ತಂದೆಯಂದಿರು ಗಮನವಿಟ್ಟು ಓದಬೇಕು. ಕೆಲವು ಮನೆಗಳಲ್ಲಿ ಶೇ. 65 ತಂದ ಮಗನಿಗೆ ದೊಡ್ಡ ವಿವಿ, ಶೇ. 92 ತಂದ ಮಗಳಿಗೆ 'ಹತ್ತಿರದ್ದು ಸಾಕು'. ಹತ್ತಿರದ ಕಾಲೇಜು ಒಳ್ಳೆಯದೆಂದು ನಾವೇ ಬರೆದಿದ್ದೇವೆ. ಒಳ್ಳೆಯದಾದರೆ ಅದು ಇಬ್ಬರಿಗೂ ಒಳ್ಳೆಯದು. ಅಳತೆಗೋಲು ಒಂದೇ ಇರಲಿ. ತಕ್ಕಡಿಯಲ್ಲಿ ವಂಚಿಸಬಾರದು ಎಂಬ ಪಾಠ ಅಂಗಡಿಗೆ ಎಷ್ಟು ಅನ್ವಯವೋ ಮನೆಗೂ ಅಷ್ಟೇ ಅನ್ವಯ.

ಅವಸರದಲ್ಲಿ ಸೀಟು ಹಿಡಿದವರು ಒಂದು ನಿಯಮ ತಿಳಿದಿರಲಿ. ಯುಜಿಸಿಯ 2018ರ ಅಧಿಸೂಚನೆಯ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲೇ ಸೀಟು ಬಿಟ್ಟರೆ ಪೂರ್ತಿ ಫೀಸು ವಾಪಸ್ ಕೊಡಬೇಕು. ಪ್ರಕ್ರಿಯಾ ವೆಚ್ಚವೆಂದು ಶೇ. 5ರವರೆಗೆ, ಹೆಚ್ಚೆಂದರೆ 5 ಸಾವಿರ ರೂಪಾಯಿ ಹಿಡಿಯಬಹುದು. ದಿನ ಕಳೆದಂತೆ ವಾಪಸ್ ಬರುವ ಪಾಲು ಕಡಿಮೆಯಾಗುತ್ತದೆ, ಕೊನೆಯ ದಿನದಿಂದ 30 ದಿನ ದಾಟಿದರೆ ಏನೂ ಸಿಗುವುದಿಲ್ಲ. ಮೂಲ ಅಂಕಪಟ್ಟಿಗಳನ್ನು ಸಂಸ್ಥೆ ತನ್ನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಪರಿಶೀಲಿಸಿ ವಾಪಸ್ ಕೊಡಬೇಕು. ರಶೀದಿ ಇಲ್ಲದೆ ಒಂದು ರೂಪಾಯಿ ಕೊಡಬೇಡಿ.

ಜಮಾಅತ್ ಕಮಿಟಿಗಳಲ್ಲಿಯೂ ಒಂದು ವಿನಂತಿ. ಪ್ರತಿಭಾ ಪುರಸ್ಕಾರದಲ್ಲಿ ಶಾಲು, ಫಲಕ ಕೊಡುತ್ತೀರಿ, ಸಂತೋಷ. ಅದರ ಜೊತೆಗೆ ಎರಡು ಜುಮಾದ ನಂತರ ಮದ್ರಸ ಹಾಲಿನಲ್ಲಿ ಒಂದು ಮೇಜು ಹಾಕಿ. ಊರಿನ ಒಬ್ಬ ಆಡಿಟರ್, ಒಬ್ಬ ಉಪನ್ಯಾಸಕ, ಎರಡೂ ಕಡೆ ಓದಿದ ಒಬ್ಬೊಬ್ಬ ಹಳೆ ವಿದ್ಯಾರ್ಥಿಯನ್ನು ಕೂರಿಸಿ. ಹುಡುಗಿಯರಿಗೂ ಉಮ್ಮಂದಿರಿಗೂ ಬಂದು ಕೇಳಲು ಅನುಕೂಲ ಇರಲಿ. ಎಸ್‌ಎಸ್‌ಪಿ ಪೋರ್ಟಲಿನ ವಿದ್ಯಾರ್ಥಿವೇತನದ ಅರ್ಜಿ ತುಂಬಲು, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆಯಾ ಎಂದು ನೋಡಲು ಇಬ್ಬರು ಯುವಕರು ಸಾಕು. ಬಡ್ಡಿಯಿಲ್ಲದ ಕೈಗಡ ಕೊಡುವ ನಿಧಿ ಇರುವಲ್ಲಿ ಅದನ್ನು ಈ ತಿಂಗಳು ತೆರೆಯಿರಿ. ಕಾಲೇಜು ಶುರುವಾದ ಮೇಲೆ ತೆರೆದರೆ ಪ್ರಯೋಜನವಿಲ್ಲ.

ಕೊನೆಯದಾಗಿ, ಈ ವಾರವೇ ಮಗನನ್ನೋ ಮಗಳನ್ನೋ ಕರೆದು ಒಂದು ನೋಟ್‌ಬುಕ್ ಕೊಡಿ. ಎರಡು ವಿವಿಗಳ ಮೂರು ವರ್ಷದ ಖರ್ಚು, ಸಿಗುವ ಸಹಾಯ, ದಾರಿಯಲ್ಲಿ ಕಳೆಯುವ ಗಂಟೆ ಎಲ್ಲವನ್ನೂ ಅವರೇ ವಿಚಾರಿಸಿ ಎದುರುಬದುರು ಬರೆಯಲಿ. ಆ ಪುಟವನ್ನು ಮನೆಯವರೆಲ್ಲ ನೋಡಿ, ಮಶೂರಾ ಮಾಡಿ, ಇಸ್ತಿಖಾರ ನಮಾಝ್ ಮಾಡಿ ತೀರ್ಮಾನಿಸಿ. ಉಪ್ಪನ ಬೆವರಿನ ಬೆಲೆ ಎಷ್ಟು ಎಂದು ತಿಳಿದು ಕ್ಲಾಸಿಗೆ ಹೋಗುವ ಮಗು ಯಾವ ವಿವಿಯಲ್ಲಿದ್ದರೂ ಓದುತ್ತದೆ, ಇನ್‌ಶಾ ಅಲ್ಲಾಹ್.