ಊರಿಗೆ ಕಳಿಸುವ ಹಣಕ್ಕೆ ಶೇ 1 ತೆರಿಗೆ: ಬಿಸಿ ಯಾರಿಗೆ?

ಅಮೆರಿಕದಿಂದ ಮಕ್ಕಳು ಕಳಿಸುವ ಹಣಕ್ಕೂ ತೆರಿಗೆ ಬೀಳುತ್ತದೆಯೇ ಎಂಬ ಆತಂಕ ಇಲ್ಲಿನ ಅನೇಕ ಮನೆಗಳಲ್ಲಿದೆ. 2025ರ ಮೇ ತಿಂಗಳಲ್ಲಿ ಅಲ್ಲಿನ ಜನಪ್ರತಿನಿಧಿ ಸಭೆ 215–214 ಮತಗಳಿಂದ ಅಂಗೀಕರಿಸಿದ ಮಸೂದೆಯಲ್ಲಿ, ಅಮೆರಿಕದ ಪೌರರಲ್ಲದವರು ಹೊರದೇಶಕ್ಕೆ ಕಳಿಸುವ ಹಣಕ್ಕೆ ಶೇ 3.5 ತೆರಿಗೆ ಇತ್ತು. ಮೊದಲ ಪ್ರಸ್ತಾವವಂತೂ ಶೇ 5. ಸೆನೆಟ್ ಅದನ್ನು ಶೇ 1ಕ್ಕೆ ಇಳಿಸಿತು. ಜುಲೈ 3ರಂದು 218–214 ಮತಗಳಿಂದ ಅಂತಿಮ ಒಪ್ಪಿಗೆ ದೊರೆತು, ಮರುದಿನ ಅಧ್ಯಕ್ಷ ಟ್ರಂಪ್ ಸಹಿ ಹಾಕಿದರು. ಬೆಳಗಾವಿಯಲ್ಲಿ ಬೆಳೆದ, ಡೆಟ್ರಾಯಿಟ್ ಭಾಗದ ಸಂಸದ ಶ್ರೀ ಥಾನೇದಾರ್ ಸೇರಿದಂತೆ ಡೆಮಾಕ್ರಟಿಕ್ ಸದಸ್ಯರೆಲ್ಲ ವಿರೋಧವಾಗಿ ಮತ ಹಾಕಿದರು.

ಹೀಗೆ ಹಾಕಿದ ಮತದ ಲೆಕ್ಕವನ್ನು ಸಂಸದರು ಕ್ಷೇತ್ರದ ಜನರಿಗೆ ಪತ್ರದ ಮೂಲಕ ಒಪ್ಪಿಸುವುದು ಅಲ್ಲಿನ ರೂಢಿ. ಆದರೆ ಪರ ಅಥವಾ ವಿರೋಧ ಎಂಬ ಒಂದು ಸಾಲಿನಿಂದ ಮನೆಮಂದಿಗೆ ಬೇಕಾದ ವಿವರ ತಿಳಿಯದು. 2026ರ ಜನವರಿ 1ರಿಂದ ಜಾರಿಯಾದ ಈ ತೆರಿಗೆ ನಗದು, ಮನಿ ಆರ್ಡರ್, ಕ್ಯಾಷಿಯರ್ ಚೆಕ್‌ನಂಥವನ್ನು ಕೊಟ್ಟು ಕಳಿಸುವ ಹಣಕ್ಕೆ ಮಾತ್ರ. ಅಮೆರಿಕದ ಬ್ಯಾಂಕ್ ಖಾತೆ ಅಥವಾ ಅಲ್ಲಿನ ಡೆಬಿಟ್, ಕ್ರೆಡಿಟ್ ಕಾರ್ಡ್ ಮೂಲಕ ಕಳಿಸಿದರೆ ಇಲ್ಲ. ಸಂಬಳ ನೇರ ಖಾತೆಗೆ ಬೀಳುವ ಟೆಕಿಗೆ ತಟ್ಟದ ಬಿಸಿ, ಕೈಗೆ ನಗದು ಪಡೆದು ದುಡಿಯುವವರಿಗೆ ತಟ್ಟುತ್ತದೆ: 1,000 ಡಾಲರ್‌ಗೆ 10 ಡಾಲರ್.

ಮುಂದಿನ ಸಲ ಫೋನ್ ಬಂದಾಗ, ಹಣ ಯಾವ ದಾರಿಯಲ್ಲಿ ಬರುತ್ತಿದೆ ಎಂದು ಮಕ್ಕಳನ್ನು ಒಮ್ಮೆ ಕೇಳಿ.